ಹಿರೀಸಾವೆಯ ತಿರುವಿನಲ್ಲಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕುಣಿಗಲು, ಯಡಿಯೂರು, ಬೆಳ್ಳೂರು ಕ್ರಾಸುಗಳನ್ನು ದಾಟಿ ಮುಂದುವರಿದರೆ, ಹಾಸನದ ಸೀಮೆಯ ಹೊಸ್ತಿಲಿನಂತೆ ಹಿರೀಸಾವೆ ಎದುರಾಗುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿಗೆ ಸೇರಿದ ಹೋಬಳಿಯ ಊರು ಇದು. ಶ್ರವಣಬೆಳಗೊಳಕ್ಕೆ ಹೋಗತಕ್ಕವರು ಇಲ್ಲಿ ಹೆದ್ದಾರಿಯನ್ನು ಬಿಟ್ಟು ಎಡಕ್ಕೆ ತಿರುಗುತ್ತಾರೆ. ಅಲ್ಲಿಂದ ಬೆಳಗೊಳಕ್ಕೆ ಸುಮಾರು 18 ಕಿಲೋಮೀಟರು. ಈ ಕಾರಣದಿಂದ ಹಿರೀಸಾವೆಯನ್ನು ಕಂಡವರು ಅಸಂಖ್ಯಾತರು, ಅಲ್ಲಿ ನಿಂತವರು ಕೆಲವರೇ. ಗೊಮ್ಮಟನ ದರ್ಶನಕ್ಕೆ ಆತುರಪಡುವ ಯಾತ್ರಿಕನಿಗೆ ಅದೊಂದು ತಿರುವು ಮಾತ್ರ.

ನಮಗಾದರೋ ಅದು ತಿರುವು ಮಾತ್ರವಾಗಿರಬಾರದಾಗಿತ್ತು. ಈ ಹೋಬಳಿಯ ಹಳ್ಳಿಯೊಂದರಲ್ಲಿ ನಮ್ಮ ಸೋದರತ್ತೆಯವರು ಒಬ್ಬರೇ ವಾಸವಾಗಿದ್ದಾರೆ. ಮಳೆ ಕೈಕೊಟ್ಟ ವರುಷಗಳು ಒಂದರ ಹಿಂದೊಂದು ಬಂದಾಗ ಅವರ ತೆಂಗಿನ ತೋಟ ಸುಳಿಯೊಣಗಿ ಹೋಯಿತು. ಕೊಳವೆ ಬಾವಿಯೂ ಬತ್ತಿತು. ಅದೇ ಕಾಲದಲ್ಲಿ ಮಾವನವರೂ ತೀರಿಕೊಂಡರು. ಉತ್ತರಕ್ರಿಯೆಗೆ ಬಂದು ಹೋದ ಮೇಲೆ ನಾವು ಆ ಕಡೆ ತಲೆಹಾಕಿರಲಿಲ್ಲ. ಬೆಳಗೊಳಕ್ಕೆ ಎರಡು ಸಲ ಬಂದೆವು. ಎರಡು ಸಲವೂ ಬೇಗ ಹಿಂದಿರುಗಬೇಕೆಂಬ ನೆಪ ಹೇಳಿಕೊಂಡು ತಿರುಗಿ ಹೋದೆವು. ನಿಜವನ್ನು ಹೇಳಬೇಕಾದರೆ, ಆ ಬೋಳು ತೋಟದ ಮುಂದೆ ನಿಂತು ಅತ್ತೆಯವರಿಗೆ ಏನು ಹೇಳುವುದೆಂಬುದು ನಮಗೆ ತೋರುತ್ತಿರಲಿಲ್ಲ. ಮೊನ್ನೆ ಕಾರ್ತಿಕದಲ್ಲಿ ಮನಸ್ಸು ಗಟ್ಟಿಮಾಡಿಕೊಂಡು ಹಿರೀಸಾವೆಯಲ್ಲಿ ಬಸ್ಸಿಳಿದೆವು.

ಹಳ್ಳಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ರಸ್ತೆಯ ಬದಿಯ ಸಣ್ಣ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕುಳಿತೆವು. ಯಾರೋ ಹುಡುಗನ ಮೊಬೈಲಿನಿಂದ ಹಳೆಯ ಹಾಡೊಂದು ಕೇಳಿಬಂತು. 1974ರ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ರಾಜಕುಮಾರರು ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು. ದೋಸೆ ಹುಯ್ಯುತ್ತಿದ್ದವನು ತಲೆಯಾಡಿಸಿದನು. ಎಳನೀರಿನ ಗಾಡಿಯವನು ಕೊನೆಯ ಮಾತನ್ನು ತಾನೂ ಎಳೆದು ಹಾಡಿದನು. "ಇದನ್ನು ಬರೆದವರು ಯಾರಪ್ಪಾ?" ಎಂದು ಕೇಳಿದೆವು. "ಅಣ್ಣಾವ್ರ ಹಾಡು ಸಾರ್," ಎಂದನು ಒಬ್ಬನು. "ಹಾಡಿದವರು ಅವರು. ಬರೆದವರು?" ಎಂದರೆ ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರನ್ನು ಹಳಿದು ಫಲವೇನು? ಪುಸ್ತಕಗಳನ್ನು ಓದಿದವರೆಂದು ಹೆಮ್ಮೆಪಡುವ ನಮಗೇ ಆ ಹೆಸರು ಕೂಡಲೆ ಹೊಳೆಯಲಿಲ್ಲ. ಸಿನಿಮಾದ ಹಾಡೆಂದರೆ ಕವಿತೆಯ ಪಂಕ್ತಿಗೆ ಸೇರದ ವಸ್ತುವೆಂದು ಬಹುಕಾಲ ಮೂಗು ಮುರಿದವರಲ್ಲಿ ನಾವೂ ಒಬ್ಬರು.

ಹಳ್ಳಿಯನ್ನು ಸೇರಿದಾಗ ಸಂಜೆಯಾಗಿತ್ತು. ಅತ್ತೆಯವರು ಮನೆಯಲ್ಲಿರಲಿಲ್ಲ, ತೋಟದಲ್ಲಿದ್ದರು. ಒಣಗಿದ ಮರಗಳನ್ನು ಕಡಿಸಿ ತೆಗೆದ ಬಯಲಿನಲ್ಲಿ ಮೊಳಕಾಲೆತ್ತರದ ತೆಂಗಿನ ಸಸಿಗಳು ಸಾಲಾಗಿ ನಿಂತಿದ್ದವು. ಆ ವೃದ್ಧೆ ಬಿಂದಿಗೆಯಿಂದ ಒಂದೊಂದು ಪಾತಿಗೂ ನೀರೆರೆಯುತ್ತ ತಮ್ಮಷ್ಟಕ್ಕೆ ತಾವು ಗುನುಗುತ್ತಿದ್ದರು. ಕಿವಿಗೊಟ್ಟು ಕೇಳಿದರೆ ಅದೂ ಸಿನಿಮಾದ ಹಾಡೇ! ಎಷ್ಟು ಸಲ ಕೆಡವಿದರೂ ಮತ್ತೆ ಎದ್ದು ನಿಲ್ಲುವ ಬೊಂಬೆಯನ್ನು ಕುರಿತು 1971ರ 'ಕಸ್ತೂರಿ ನಿವಾಸ' ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸರು ಹಾಡಿದ್ದು. ಕೈಯಲ್ಲಿದ್ದುದನ್ನೆಲ್ಲ ಕೊಟ್ಟು ಬರಿಗೈಯಾದ ದಾನಿಯೊಬ್ಬನ ಕಥೆ ಅದು. ನಾವು ದಾರಿಯುದ್ದಕ್ಕೂ ಹುಡುಕಿಕೊಂಡು ಬಂದಿದ್ದ ಸಮಾಧಾನದ ಮಾತು ಅತ್ತೆಯವರ ಬಾಯಲ್ಲಿ ಆಗಲೇ ಇತ್ತು. "ಬಂದ್ಯೇನಪ್ಪಾ? ಕೈಕಾಲು ತೊಳ್ಕೊ. ಇನ್ನು ನಾಕು ಗಿಡ ಐತೆ, ಬಂದೆ," ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ನಾವು ಆ ಪ್ರಶ್ನೆಯನ್ನೇ ಕೇಳಿದೆವು: "ಅತ್ತೆ, ಆ ಹಾಡು ಬರೆದವರು ಯಾರು ಗೊತ್ತೆ?" ಅವರು ಮುದ್ದೆಯನ್ನು ತಟ್ಟೆಗಿಡುತ್ತ, "ಯಾರು ಬರೆದ್ರೇನಪ್ಪಾ. ಬಿದ್ದು ಎದ್ದೋರೇ ಬರೆದಿರ್ಬೇಕು," ಎಂದರು.

ಎರಡು ಹಾಡುಗಳನ್ನೂ ಬರೆದವರು ಒಬ್ಬರೇ, ಚಿ. ಉದಯಶಂಕರರು. ಎರಡಕ್ಕೂ ರಾಗ ಹಾಕಿದವರು ಜಿ.ಕೆ. ವೆಂಕಟೇಶರು. ಉದಯಶಂಕರರು ಹುಟ್ಟಿದ್ದು 1934ನೆಯ ಫೆಬ್ರವರಿ 18ರಂದು. ತಂದೆಯವರಾದ ಚಿ. ಸದಾಶಿವಯ್ಯನವರೂ ಚಲನಚಿತ್ರಗಳಿಗೆ ಬರೆಯುತ್ತಿದ್ದವರಾದುದರಿಂದ ಮಗನಿಗೆ ಈ ವಿದ್ಯೆ ಮನೆಯಲ್ಲಿಯೇ ದೊರಕಿತೆನ್ನಬಹುದು. 1963ರ 'ಸಂತ ತುಕಾರಾಂ' ಚಿತ್ರದಿಂದ ಆರಂಭಿಸಿ, 1993ನೆಯ ಜುಲೈ 2ರಂದು ತೀರಿಕೊಳ್ಳುವವರೆಗೆ, ಮೂವತ್ತು ವರುಷ ಅವರು ಹಾಡುಗಳನ್ನೂ ಸಂಭಾಷಣೆಗಳನ್ನೂ ಬರೆದರು. ಹಾಡುಗಳ ಲೆಕ್ಕ ಸಾವಿರಗಳಲ್ಲಿ. ರಾಜಕುಮಾರರ ಚಿತ್ರಗಳಿಗೆ ಅವರು ಬಲಗೈಯಂತಿದ್ದರು. ಆಗಾಗ ಸಣ್ಣ ಪಾತ್ರಗಳಲ್ಲಿ ತಾವೂ ಬಣ್ಣ ಹಚ್ಚಿದರು. ರಾಜಕುಮಾರರು ಹಾಡಿದ ರಾಘವೇಂದ್ರಸ್ವಾಮಿಗಳ ಭಕ್ತಿಗೀತೆಗಳಲ್ಲಿಯೂ ಅನೇಕವು ಇವರ ರಚನೆಗಳೇ. ಹೀಗೆ ಒಂದೇ ಲೇಖನಿ ಹೋಟೆಲಿಗೂ ತೋಟಕ್ಕೂ ದೇವರ ಮನೆಗೂ ಹಾಡನ್ನು ಒದಗಿಸಿತು.

ಈ ಕೆಲಸದ ಕಷ್ಟವೆಂಥದೆಂಬುದನ್ನು ವಾಚಕರು ಸ್ವಲ್ಪ ಯೋಚಿಸಿ ನೋಡಬೇಕು. ಪುಸ್ತಕದ ಕವಿ ತನಗೆ ಬೇಕಾದಾಗ ಬೇಕಾದ ಛಂದಸ್ಸಿನಲ್ಲಿ ಬರೆಯುತ್ತಾನೆ. ಚಿತ್ರದ ಕವಿಗೆ ಆ ಸ್ವಾತಂತ್ರ್ಯವಿಲ್ಲ. ಬಹುಮಟ್ಟಿಗೆ ಮಟ್ಟು ಮೊದಲು ಹುಟ್ಟುತ್ತದೆ, ಮಾತು ಆಮೇಲೆ. ಸಂಗೀತ ನಿರ್ದೇಶಕನು ಹಾರ್ಮೋನಿಯಂ ಮುಂದೆ ಕುಳಿತು 'ತನನ ತಾನಾ' ಎಂದು ನುಡಿಸಿ ತೋರಿಸುತ್ತಾನೆ. ಕವಿ ಆ 'ತನನ'ವಿದ್ದಲ್ಲಿ ಲಘುಗಳನ್ನೂ 'ತಾನಾ'ವಿದ್ದಲ್ಲಿ ಗುರುಗಳನ್ನೂ ಕೂರಿಸಬೇಕು. ರಾಗ ನಿಂತು ತೂಗುವ ಕಡೆ ದೀರ್ಘಸ್ವರ ಬರಬೇಕು. ಹಾಡುವವನು ಉಸಿರೆಳೆದುಕೊಳ್ಳುವ ಕಡೆ ಮಾತು ಮುಗಿಯಬೇಕು. ಅಷ್ಟೇ ಅಲ್ಲದೆ, ಹಾಡು ಕಥೆಯ ಸಂದರ್ಭಕ್ಕೆ ಒಪ್ಪಬೇಕು, ಪಾತ್ರದ ಬಾಯಿಗೆ ತಕ್ಕುದಾಗಿರಬೇಕು, ಒಂದೇ ಸಲ ಕೇಳಿದ ನಿರಕ್ಷರಿಗೂ ಅರ್ಥವಾಗಬೇಕು. ಆಗ ಕನ್ನಡ ಚಿತ್ರಗಳು ಹೆಚ್ಚಾಗಿ ಮದರಾಸಿನಲ್ಲಿ ತಯಾರಾಗುತ್ತಿದ್ದವು. ಸ್ಟುಡಿಯೋದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುತ್ತಿರುವಾಗ ಕವಿ ಸ್ಫೂರ್ತಿಗಾಗಿ ಕಾದು ಕೂರುವಂತಿರಲಿಲ್ಲ. ಉದಯಶಂಕರರು ಬರೆಯುತ್ತಿದ್ದ ವೇಗವನ್ನು ಬಲ್ಲವರು ಬೆರಗಿನಿಂದ ನೆನೆಯುವುದುಂಟು. ಆದರೆ ಬೊಂಬೆಯ ಹಾಡು ಐವತ್ತು ವರುಷ ಬಾಳಿರುವುದು ಆ ವೇಗದಿಂದಲ್ಲ. ಬುಡದಲ್ಲಿ ಭಾರವಿರುವ ಬೊಂಬೆಯನ್ನು ಕೆಡವಿದರೂ ನಿಲ್ಲುತ್ತದೆಯೆಂಬುದು ಮಗುವೂ ಬಲ್ಲ ಸಂಗತಿ. ಕವಿ ಅದರಲ್ಲಿ ಒಬ್ಬ ಮನುಷ್ಯನ ಶೀಲವನ್ನು ಕಂಡರು. ಕಂಡುದನ್ನು ಅಡಿಗೆಮನೆಯ ಕನ್ನಡದಲ್ಲಿಯೇ ಹೇಳಿದರು.

ಈ ಕಸಬು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಎಂಬ ಹೆಸರಾಂತ ಗೀತಕಾರನಿದ್ದನು (1895–1960). 1943ರ 'ಓಕ್ಲಹೋಮಾ' ಮೊದಲುಗೊಂಡು 1959ರ 'ಸೌಂಡ್ ಆಫ್ ಮ್ಯೂಸಿಕ್'ವರೆಗೆ ರಿಚರ್ಡ್ ರಾಡ್ಜರ್ಸ್ ಎಂಬ ಸಂಗೀತಗಾರನೊಡನೆ ಸೇರಿ ಆತನು ರಚಿಸಿದ ಸಂಗೀತ ನಾಟಕಗಳು ಲೋಕಪ್ರಸಿದ್ಧವಾದವು. ಮೊದಮೊದಲು ಆತನೂ ಮಟ್ಟಿಗೆ ಮಾತು ಹೊಂದಿಸುತ್ತಿದ್ದವನೇ. ರಾಡ್ಜರ್ಸನ ಜೊತೆ ಸೇರಿದ ಮೇಲೆ ಹೆಚ್ಚಾಗಿ ಮಾತನ್ನು ಮೊದಲು ಬರೆಯತೊಡಗಿದನು. 1949ರಲ್ಲಿ ತನ್ನ ಗೀತಗಳ ಸಂಪುಟಕ್ಕೆ ಬರೆದ ಪ್ರಬಂಧದಲ್ಲಿ ಆತನು ತನ್ನ ಒಂದು ತಪ್ಪನ್ನು ಒಪ್ಪಿಕೊಂಡಿದ್ದಾನೆ. ತನ್ನ ಒಂದು ಹಾಡಿನ ಕೊನೆಯ ಪದ 'ಕ್' ಎಂಬ ವ್ಯಂಜನದಲ್ಲಿ ನಿಂತುಬಿಟ್ಟಿತು. ಗಾಯಕನ ಬಾಯಿ ಅಲ್ಲಿ ಮುಚ್ಚಿಹೋಗುವುದರಿಂದ ಹಾಡು ಜನರಿಗೆ ಹಿಡಿಯಲಿಲ್ಲವೆಂದು ಆತನ ಊಹೆ. ನಮ್ಮ ಕನ್ನಡದ ಪದಗಳು ಸಾಮಾನ್ಯವಾಗಿ ಸ್ವರಾಂತವಾದವು. ಬಾಯಿ ತೆರೆದೇ ಮುಗಿಯುತ್ತವೆ. ಎಳನೀರಿನ ಗಾಡಿಯವನು ಕೊನೆಯ ಮಾತನ್ನು ಮನಸಾರೆ ಎಳೆದು ಹಾಡಬಲ್ಲವನಾದುದಕ್ಕೆ ಕವಿಯ ಜಾಣ್ಮೆಯಷ್ಟೇ ನುಡಿಯ ಗುಣವೂ ಕಾರಣ.

ಅದೇ ಪ್ರಬಂಧದಲ್ಲಿ ಆತನು ಇನ್ನೊಂದು ಸಂಗತಿಯನ್ನು ಹೇಳುತ್ತಾನೆ. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ವಿಗ್ರಹವನ್ನು ಆಕಾಶದಿಂದ ತೆಗೆದ ಒಂದು ಚಿತ್ರವನ್ನು ಆತನು ಕಂಡನು. ವಿಗ್ರಹ ಸ್ಥಾಪನೆಯಾದುದು 1886ರಲ್ಲಿ. ವಿಮಾನವೆಂಬುದು ಆಗ ಇರಲೇ ಇಲ್ಲ. ಆದರೂ ಶಿಲ್ಪಿ ದೇವಿಯ ನೆತ್ತಿಯ ಕೂದಲನ್ನು, ಹಕ್ಕಿಗಳ ಹೊರತು ಯಾರೂ ನೋಡಲಾರದುದನ್ನು, ಮುಖದಷ್ಟೇ ಶ್ರದ್ಧೆಯಿಂದ ತಿದ್ದಿದ್ದನು. ಯಾರ ಕಣ್ಣಿಗೂ ಬೀಳದೆಂದು ಕೆಲಸವನ್ನು ಅರ್ಧಕ್ಕೆ ಬಿಡಬಾರದೆಂಬ ಪಾಠವನ್ನು ಆ ಗೀತಕಾರನು ಅದರಿಂದ ಕಲಿತನಂತೆ.

ಮರುದಿನ ಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿಯ 600ಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಏರಿದಾಗ ನಮಗೆ ಈ ಮಾತು ನೆನಪಾಯಿತು. ಗಂಗರ ಮಂತ್ರಿ ಚಾವುಂಡರಾಯನು ಸುಮಾರು 981ರಲ್ಲಿ ಮಾಡಿಸಿದ, ಸುಮಾರು 58 ಅಡಿ ಎತ್ತರದ ಆ ಮೂರ್ತಿಯ ನೆತ್ತಿಯ ಮೇಲೆ ಗುಂಗುರುಗಳು ಸಾಲುಸಾಲಾಗಿ ಕೆತ್ತಲ್ಪಟ್ಟಿವೆ. ಕೆಳಗೆ ನಿಂತವರಿಗೆ ಮುಂದಲೆಯ ಗುಂಗುರುಗಳು ಕಾಣುತ್ತವೆ. ನೆತ್ತಿಯದು ಕಾಣಬೇಕಾದರೆ ಹನ್ನೆರಡು ವರುಷಕ್ಕೊಮ್ಮೆ, ಹಿಂದೆ 2018ರಲ್ಲಿ ನಡೆದಂತೆ, ಮಹಾಮಸ್ತಕಾಭಿಷೇಕಕ್ಕಾಗಿ ಅಟ್ಟಣಿಗೆ ಕಟ್ಟಬೇಕು. ಆ ಶಿಲ್ಪಿಯೂ ನೆತ್ತಿಯನ್ನು ಬರಿದಾಗಿ ಬಿಡಲಿಲ್ಲ. ಇದೇ ಬೆಟ್ಟದ ಮೇಲೆ ಸುಮಾರು 1180ರಲ್ಲಿ ಬೊಪ್ಪಣಪಂಡಿತನೆಂಬ ಕವಿ ಗೊಮ್ಮಟನನ್ನು ಸ್ತುತಿಸಿ ಬರೆದ ಪದ್ಯಗಳು ಶಾಸನವಾಗಿ ನಿಂತಿವೆ. ಕಲ್ಲಿನಲ್ಲಿದ್ದುದರಿಂದ ಅವನ ಹೆಸರನ್ನು ಇಂದಿಗೂ ಓದಬಹುದು. ಗಾಳಿಯಲ್ಲಿ ಬರೆದವರ ಹೆಸರನ್ನು ಓದುವುದೆಲ್ಲಿ? ಸಿನಿಮಾ ಮುಗಿದ ಮೇಲೆ ಹಾಡಿದವರ ಧ್ವನಿ ಉಳಿಯುತ್ತದೆ, ಅಭಿನಯಿಸಿದವರ ಮುಖ ಉಳಿಯುತ್ತದೆ; ಬರೆದವರ ಮಾತು ಮಾತ್ರ ಹಾಡಿಕೊಂಡವರ ಸ್ವಂತ ಮಾತಾಗಿ ಕರಗಿಹೋಗುತ್ತದೆ. ಗೀತಕಾರನ ಗೆಲುವು ಅದೇ, ನಷ್ಟವೂ ಅದೇ.

ಸಂಜೆ ಹಿಂದಿರುಗಿ ಅತ್ತೆಯವರಿಗೆ ಹೆಸರನ್ನು ಹೇಳಿದೆವು. "ಉದಯಶಂಕರ," ಎಂದು ಒಮ್ಮೆ ಬಾಯಲ್ಲಿ ಆಡಿಸಿ ನೋಡಿದರು. "ಇದಾರಾ?" ಎಂದರು. ತೀರಿಕೊಂಡು ಮೂವತ್ತು ವರುಷದ ಮೇಲಾಯಿತೆಂದಾಗ, "ಅಯ್ಯೋ, ನಾನು ದಿನಾ ಹಾಡ್ತೀನಲ್ಲಪ್ಪಾ," ಎಂದು ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕೈಗೆ ಒಂದು ಬಿಂದಿಗೆಯನ್ನು ಕೊಟ್ಟರು. ಇಬ್ಬರೂ ಕೂಡಿ ಸಸಿಗಳಿಗೆ ನೀರೆರೆದೆವು. ಅವರು ಹಾಡಿದರು, ನಾವೂ, ಜೀವಮಾನದಲ್ಲಿ ಮೊದಲ ಸಲ, ನಾಚದೆ ದನಿಗೂಡಿಸಿದೆವು.

ನಮ್ಮ ವಾಚಕರ ಮನೆಗಳಲ್ಲಿಯೂ ಇಂಥ ಹಾಡುಗಳು ಬಹಳ ಇರುವುದಷ್ಟೆ. ಅವನ್ನು ಮಕ್ಕಳಿಗೆ ಕಲಿಸುವಾಗ ಬರೆದವರ ಹೆಸರನ್ನೂ ಕಲಿಸಿದರೆ, ಸಲ್ಲಬೇಕಾದ ಋಣದಲ್ಲಿ ಒಂದಿಷ್ಟು ಸಂದೀತು. ಮತ್ತು ಹಿರೀಸಾವೆಯಂಥ ತಿರುವಿನ ಆಚೆ ತಮ್ಮವರು ಯಾರಾದರೂ ಇದ್ದರೆ, ಹೇಳುವ ಮಾತು ತೋರದೆಂದು ಹಾದುಹೋಗದಿರಲಿ. ಮಾತು ಅವರ ಬಳಿಯಲ್ಲಿಯೇ ಇರಬಹುದು.