ಹೆದ್ದಾರಿಯ ಮಗ್ಗುಲಲ್ಲೊಂದು ನಡೆದಾಡುವ ಊರು

ನೆಲಮಂಗಲದ ಕುಣಿಗಲ್ ಬೈಪಾಸಿನಲ್ಲಿ ಬೆಳಗ್ಗೆ ನಿಂತರೆ ಅರ್ಧ ಕರ್ನಾಟಕವೇ ಕಣ್ಣೆದುರು ಹಾದುಹೋಗುತ್ತದೆ. ತುಮಕೂರು, ಹುಬ್ಬಳ್ಳಿ ದಾಟಿ ಮುಂಬೈ ಕಡೆಗೆ ಓಡುವ 48ನೇ ಹೆದ್ದಾರಿ. ಕುಣಿಗಲ್, ಹಾಸನ ದಾಟಿ ಘಟ್ಟ ಇಳಿದು ಮಂಗಳೂರು ಸೇರುವ 75ನೇ ಹೆದ್ದಾರಿ. ಎರಡೂ ಕವಲೊಡೆಯುವುದು ಈ ಊರಲ್ಲೇ. ಧರ್ಮಸ್ಥಳದ ಬಸ್ಸು, ಸರಕಿನ ಲಾರಿ, ಗೂಡ್ಸ್ ಆಟೊ, ಎಷ್ಟು ನೋಡಿದರೂ ಮುಗಿಯದ ಓಟ.

ಅದಕ್ಕೆ ಬೆನ್ನುಹಾಕಿ ಪೇಟೆಯೊಳಕ್ಕೆ ನಡೆದಾಗ ನನಗೆ ಇನ್ನೂ ದೊಡ್ಡ ಬೆರಗು ಕಾದಿತ್ತು. ಹೂವಿನಂಗಡಿ, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ಎಲ್ಲವೂ ಕಾಲಿಗೆ ನಿಲುಕುವಷ್ಟು ಹತ್ತಿರ! ದೊಡ್ಡ ನಗರಗಳು ಕೋಟಿಗಟ್ಟಲೆ ಸುರಿದು ಮರಳಿ ಪಡೆಯಲು ಹೆಣಗುತ್ತಿರುವ ಭಾಗ್ಯ ಈ ಊರಿಗೆ ಹುಟ್ಟಿನಿಂದಲೇ ಬಂದಿದೆ.

ಸರ್ವೀಸ್ ರಸ್ತೆಯ ಅಂಚಿನಲ್ಲಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಸೈಕಲ್ ಹಿಡಿದು ನಿಂತಿದ್ದಳು. ಬ್ಯಾಗು ಕ್ಯಾರಿಯರಿಗೆ ಸಿಕ್ಕಿಸಿತ್ತು. ಒಂದು ಕಾಲು ಪೆಡಲಿನ ಮೇಲೆ, ಇನ್ನೊಂದು ನೆಲದ ಮೇಲೆ. ಲಾರಿಗಳ ಸಾಲು ಕಡಿಯುವುದನ್ನೇ ಕಾದು, ಕೊನೆಗೆ ಇಳಿದು ತಳ್ಳಿಕೊಂಡೇ ದಾಟಿದಳು. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಲಕ್ಷಗಟ್ಟಲೆ ಸೈಕಲ್ ಹಂಚಿತು. ಎಂಥ ದೊಡ್ಡ ಮನಸ್ಸಿನ ಕೆಲಸ ಅದು! ಆ ಸೈಕಲ್ ಹೋಗಲು ದಾರಿಯನ್ನೂ ಕೊಡಬೇಕಿತ್ತು.

ಫುಟ್‌ಪಾತ್ ಎಂದರೆ ಬಹುತೇಕ ಕಡೆ ಚರಂಡಿ ಮೇಲಿನ ಚಪ್ಪಡಿ. ಒಂದು ಕಲ್ಲು ಎದ್ದಿದ್ದರೆ ಇನ್ನೊಂದು ಕುಸಿದಿರುತ್ತದೆ. ಮಂಡಿನೋವಿನ ಅಜ್ಜಿಗೆ ಅದನ್ನು ಹತ್ತಿ ಇಳಿಯುವುದಕ್ಕಿಂತ ವಾಹನಗಳ ನಡುವೆ ನಡೆಯುವುದೇ ಸಲೀಸು. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕೇಳಿದ್ದು ಇಷ್ಟೇ: ಅಡೆತಡೆಯಿಲ್ಲದ 1.8 ಮೀಟರ್ ಅಗಲ, 15 ಸೆಂಟಿಮೀಟರ್ ಮೀರದ ಎತ್ತರ. ಎದುರುಬದುರು ಬರುವ ಎರಡು ಗಾಲಿಕುರ್ಚಿಗಳು ಅಷ್ಟರಲ್ಲಿ ಒಂದನ್ನೊಂದು ದಾಟಬಲ್ಲವು.

ಆಗದ ಮಾತೇನಲ್ಲ. ಮೈಸೂರಿನಲ್ಲಿ 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್‌ಗಳು ಬೀದಿಗಿಳಿದವು. ಬೆಂಗಳೂರಿನ ಚರ್ಚ್ ಸ್ಟ್ರೀಟ್ 2018ರಲ್ಲಿ ಕಲ್ಲುಹಾಸು ಹೊದ್ದು ನಡೆಯುವವರ ಬೀದಿಯಾಯಿತು. 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಅಲ್ಲಿಗೆ ವಾಹನಗಳೇ ಬರಲಿಲ್ಲ. 2024ರ ನವೆಂಬರಿನಲ್ಲಿ ಬೆಂಗಳೂರಿನ ಮೆಟ್ರೊ ನಮ್ಮ ದಿಕ್ಕಿನಲ್ಲಿ ಮಾದಾವರದವರೆಗೆ ಬಂತು. ಅಲ್ಲಿಂದ ನೆಲಮಂಗಲಕ್ಕೆ ಹತ್ತು ಕಿಲೋಮೀಟರ್ ಆಸುಪಾಸು, ಸೈಕಲ್ಲಿಗೆ ದೂರವೇ ಅಲ್ಲ. ಹೆದ್ದಾರಿಯ ಮಗ್ಗುಲಲ್ಲಿ ಬೇಲಿ ಕಟ್ಟಿದ ಒಂದು ಪಥ ಸಿಕ್ಕರೆ, ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಎಷ್ಟೋ ಮಂದಿ ಬಸ್ಸಿನ ಬಾಗಿಲಲ್ಲಿ ಜೋತುಬೀಳುವುದು ತಪ್ಪುತ್ತದೆ.

ಊರಂಚಿನ ಹೊಲಗಳಲ್ಲಿ ಈಗ ಸೈಟುಗಳ ಗಡಿಕಲ್ಲು ನೆಟ್ಟಿದ್ದಾರೆ. ರಸ್ತೆ ಇನ್ನೂ ಮಣ್ಣು, ಮನೆ ಎದ್ದಿಲ್ಲ. ಬಡಾವಣೆಯ ನಕ್ಷೆ ನೆಲಮಂಗಲ ಯೋಜನಾ ಪ್ರಾಧಿಕಾರದ ಮೇಜಿಗೆ ಬಂದ ದಿನವೇ ಎರಡು ಮೀಟರ್ ಕಾಲುದಾರಿ, ಪಕ್ಕದಲ್ಲೊಂದು ಸೈಕಲ್ ಪಥ ಗುರುತಾದರೆ, ಮುಂದೆ ಯಾರ ಅಂಗಡಿಯನ್ನೂ ಒಡೆಯಬೇಕಾಗಿಲ್ಲ.