ಚೌಕಟ್ಟಿನ ಕೆಲಸ

ಕಾರನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ಬಣ್ಣ, ಗಾಜು, ಚಕ್ರಗಳನ್ನು ನೋಡಿ ಮೆಚ್ಚುತ್ತಾರೆ. ಎಂಜಿನ್ನು, ಬಾಡಿ, ಕೂತ ಜನ ಎಲ್ಲವನ್ನೂ ಹೊತ್ತ ಚೌಕಟ್ಟನ್ನು ಬಗ್ಗಿ ನೋಡುವವರು ಮಿಸ್ತ್ರಿಗಳು ಮಾತ್ರ. ಕಳೆದ ಬೇಸಿಗೆ ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾಗ ಅವಳ ಹದಿನೇಳರ ಮಗನೂ ನಾವೂ ಸೇರಿ ಈ ಬಗ್ಗಿ ನೋಡುವ ಕೆಲಸಕ್ಕೆ ಕೈಹಾಕಿದೆವು. ಕಾರು ಮಾತ್ರ ಗೇಣಿಗಿಂತಲೂ ಗಿಡ್ಡ.

ಅದು 1932ರ ಫೋರ್ಡ್ ಕಾರಿನ ಪ್ಲಾಸ್ಟಿಕ್ ಮಾದರಿ. ನಿಜವಾದ ಕಾರಿನ ಇಪ್ಪತ್ತೈದರಲ್ಲಿ ಒಂದು ಭಾಗದ ಅಳತೆ. ಹುಡುಗನಿಗೆ ಅದನ್ನು ಹಾಟ್ ರಾಡ್ ಮಾಡಬೇಕಿತ್ತು. ಹಳೆಯ ಕಾರನ್ನು ಬಿಚ್ಚಿ, ಹಗುರ ಮಾಡಿ, ತಗ್ಗಿಸಿ, ಎಂಜಿನ್ನಿನ ಬಲ ಹೆಚ್ಚಿಸಿ ಓಡಿಸುವ ವಾಹನಕ್ಕೆ ಅಲ್ಲಿ ಹಾಗೆನ್ನುತ್ತಾರೆ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮ್ಯೂರಾಕ್, ಎಲ್ ಮಿರಾಜ್ ಮೊದಲಾದ ಒಣಗಿದ ಕೆರೆಗಳ ಬಯಲಿನಲ್ಲಿ ಇಂಥ ಕಾರುಗಳ ಪಂದ್ಯ ನಡೆಸುತ್ತಿದ್ದರು. 1937ರಲ್ಲಿ ಅವರ ಕ್ಲಬ್ಬುಗಳು ಕೂಡಿ ಒಂದು ಸಂಘ ಕಟ್ಟಿಕೊಂಡವು. ಎರಡನೇ ಮಹಾಯುದ್ಧ ಮುಗಿಸಿ ಮರಳಿದ ಯುವಕರಿಂದ ಈ ಹುಚ್ಚು ಇನ್ನಷ್ಟು ಹಬ್ಬಿತು. 1932ರ ಫೋರ್ಡ್ ಅವರಿಗೆ ಪ್ರಿಯವಾಗಲು ಕಾರಣವಿತ್ತು. ಸಾಮಾನ್ಯರ ಕೈಗೆಟುಕುವ ಬೆಲೆಗೆ ವಿ-8 ಎಂಜಿನ್ ಕೊಟ್ಟ ಕಾರು ಅದು. ಅದರ ಚೌಕಟ್ಟಿನ ಹೊರಮೈಯೂ ಮರೆಯಲ್ಲಿರದೆ ಬಾಡಿಯ ಕೆಳಗೆ ಗೆರೆ ಎಳೆದಂತೆ ಕಾಣುತ್ತದೆ.

ಕಾರನ್ನು ತಗ್ಗಿಸಲು ಹಲವು ದಾರಿಗಳಿವೆ. ನಾವು ಆರಿಸಿಕೊಂಡದ್ದು ಚೌಕಟ್ಟನ್ನೇ ಕತ್ತರಿಸುವ ದಾರಿ. ಹಿಂದಿನ ಅಚ್ಚಿಗಿಂತ ಸ್ವಲ್ಪ ಮುಂದೆ ಎರಡೂ ಉದ್ದಪಟ್ಟಿಗಳನ್ನು ತುಂಡರಿಸಿ, ಹಿಂದಿನ ತುಂಡನ್ನು ಮೇಲಕ್ಕೇರಿಸಿ ಮತ್ತೆ ಬೆಸೆಯಬೇಕು. ಪಕ್ಕದಿಂದ ನೋಡಿದರೆ ಪಟ್ಟಿ ಇಂಗ್ಲಿಷಿನ ಝಡ್ ಅಕ್ಷರದಂತೆ ಮುರಿದು ಕಾಣುತ್ತದೆ. ಚಕ್ರ ಇದ್ದಲ್ಲೇ ಇರುತ್ತದೆ, ಬಾಡಿ ನೆಲದತ್ತ ಇಳಿಯುತ್ತದೆ. ನಿಜವಾದ ಕಾರನ್ನು ನಾಲ್ಕು ಇಂಚು ಇಳಿಸುವುದಾದರೆ ಮಾದರಿಯಲ್ಲಿ ಇಳಿಸಬೇಕಾದದ್ದು ಬರೀ 4 ಮಿಲಿಮೀಟರ್. ಆದರೆ ಆ ನಾಲ್ಕು ಮಿಲಿಮೀಟರ್ ಎಲ್ಲವನ್ನೂ ಕದಲಿಸುತ್ತದೆ. ಕಾರಿನೊಳಗಿನ ನೆಲವನ್ನು ಕೊರೆಯಬೇಕು, ಹೊಗೆಕೊಳವೆಗೆ ಬೇರೆ ದಾರಿ ಹುಡುಕಬೇಕು, ಎಂಜಿನ್ನಿನಿಂದ ಹಿಂದಿನ ಅಚ್ಚಿಗೆ ಹೋಗುವ ದಂಡದ ಓಟ ಬದಲಾಗುತ್ತದೆ.

ಸಣ್ಣ ಹಲ್ಲಿನ ಗರಗಸ ಹಿಡಿದು ಹುಡುಗ ಬಹಳ ಹೊತ್ತು ಕೂತ. ಕಂಪನಿಯವರು ಸರಿಯಾಗಿಯೇ ಮಾಡಿಕೊಟ್ಟದ್ದನ್ನು ಕತ್ತರಿಸುವುದು ಸುಲಭವಲ್ಲ. ಗರಗಸ ತನ್ನ ದಪ್ಪದಷ್ಟು ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ; ಅಷ್ಟು ದಪ್ಪದ ತೆಳುಹಾಳೆಯನ್ನು ಸಂದಿಗೆ ಸೇರಿಸದಿದ್ದರೆ ಕಾರು ಗಿಡ್ಡವಾಗುತ್ತದೆ. ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ನಿಜವಾದ ಕಾರಿನಲ್ಲಿ 106 ಇಂಚು, ನಮ್ಮದರಲ್ಲಿ ಸುಮಾರು 108 ಮಿಲಿಮೀಟರ್. ಅದು ತಪ್ಪಬಾರದು. ಇಲ್ಲಿ ಬಳಸುವ ಅಂಟು ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತದೆ, ಒಂದು ಬಗೆಯ ವೆಲ್ಡಿಂಗೇ ಸರಿ. ಜೋಡಿನೊಳಗೆ ಸಣ್ಣ ಹಿತ್ತಾಳೆ ತಂತಿ ತೂರಿಸಿ, ಚೌಕಟ್ಟನ್ನು ಗಾಜಿನ ಹಲಗೆಯ ಮೇಲೆ ಒತ್ತಿ ಹಿಡಿದು, ರಾತ್ರಿಯಿಡೀ ಒಣಗಲು ಬಿಟ್ಟೆವು.

ಬೆಳಿಗ್ಗೆ ಚೌಕಟ್ಟು ಸೊಟ್ಟಗಿದೆಯೋ ನೆಟ್ಟಗಿದೆಯೋ ನೋಡಬೇಕಿತ್ತು. ನಾವು ಒಂದು ದಾರ ಕೇಳಿದೆವು. ಮುಂದಿನ ಎಡಮೂಲೆಯಿಂದ ಹಿಂದಿನ ಬಲಮೂಲೆಗೆ, ಮುಂದಿನ ಬಲಮೂಲೆಯಿಂದ ಹಿಂದಿನ ಎಡಮೂಲೆಗೆ ಹಿಡಿದು ನೋಡಿದೆವು. ಎರಡೂ ಸಮ ಬಂತು. “ಇದನ್ನು ಎಲ್ಲಿ ಕಲಿತಿರಿ ಮಾಮೂ?” ಎಂದ ಹುಡುಗ.

ಕಲಿಸಿದವರು ನಮ್ಮ ಅಬ್ಬಾ. ಲಾರಿ ಗ್ಯಾರೇಜಿನ ಮಿಸ್ತ್ರಿಯಾಗಿದ್ದವರು. ಅಪಘಾತದಲ್ಲಿ ತಿರುಚಿಕೊಂಡ ಚಾಸಿಯನ್ನು ನೆಟ್ಟಗೆ ಮಾಡುವುದರಲ್ಲಿ ಅವರ ಕೈ ಹೆಸರುವಾಸಿ. ಕರ್ಣ ಎಂಬ ಮಾತು ನಮಗೆ ಶಾಲೆಯ ಗಣಿತದಲ್ಲಿ ಸಿಕ್ಕಿತು, ಅವರಿಗೆ ದಾರದ ಉಂಡೆಯಲ್ಲಿ. ದಾರ ಹಿಡಿದಾದ ಮೇಲೆ ಒಂದು ಕಣ್ಣು ಮುಚ್ಚಿ ಪಟ್ಟಿಯ ಗುಂಟ ನೋಡಿ, “ಠೀಕ್ ಹೈ” ಎನ್ನುತ್ತಿದ್ದರು. ಅದೇ ಅವರ ಸರ್ಟಿಫಿಕೇಟು.

ಹುಡುಗನಿಗೆ ನಾಲ್ಕು ವರ್ಷದ ಎಂಜಿನಿಯರಿಂಗ್ ಬೇಡ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ವಾಹನ ದುರಸ್ತಿಯ ಕೋರ್ಸ್ ಸೇರಬೇಕು. ತಂಗಿ ಒಪ್ಪುತ್ತಿಲ್ಲ. “ಗ್ರೀಸಿನಿಂದ ತಪ್ಪಿಸಿಕೊಳ್ಳಲು ಇಷ್ಟು ದೂರ ಬಂದೆ, ಮಗ ಮತ್ತೆ ಅಲ್ಲಿಗೇ ಹೋಗಬೇಕೆ?” ಎಂದು ನಮ್ಮನ್ನೇ ಕೇಳಿದಳು. ಅವಳ ಮಾತನ್ನು ತಳ್ಳಿಹಾಕಲಾಗದು. ಸೀಮೆಎಣ್ಣೆಯಲ್ಲಿ ಕೈ ತೊಳೆದು ಊಟಕ್ಕೆ ಕೂರುತ್ತಿದ್ದ ತಂದೆಯ ಮಗಳು ಅವಳು. ಶಾಲೆಯಲ್ಲಿ ಅವಳನ್ನು ಹೆಸರಿನಿಂದ ಕರೆದವರಿಗಿಂತ ‘ಗ್ಯಾರೇಜಿನವನ ಮಗಳು’ ಎಂದವರೇ ಹೆಚ್ಚು. ಮುಸ್ಲಿಮರ ಪಾಲು ಹೆಚ್ಚಿರುವ ಕಸುಬುಗಳಲ್ಲಿ ವಾಹನ ದುರಸ್ತಿಯೂ ಒಂದೆಂದು 2006ರ ಸಾಚಾರ್ ವರದಿ ಹೇಳಿತು. ನಮ್ಮ ಊರುಗಳ ಯಾವ ಗ್ಯಾರೇಜು ಸಾಲಿನಲ್ಲಿ ನಿಂತರೂ ಅದು ಕಣ್ಣಿಗೆ ಕಾಣುತ್ತದೆ. ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದ ಹತ್ತು ವರ್ಷದ ‘ಛೋಟು’ಗಳೂ ಅಲ್ಲಿಯೇ ಇರುತ್ತಾರೆ. ಅದನ್ನು ಹುನರ್ ಎಂದು ಹೊಗಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ಆದರೆ ಇನ್ನೊಂದು ಮಾತೂ ಇದೆ. ಕ್ಯಾಲಿಫೋರ್ನಿಯಾದ ಆ ಹುಡುಗರಿಗೆ ಅವರ ಕೈಕೆಲಸವನ್ನು ಬರೆದಿಡುವವರು ಸಿಕ್ಕರು. 1948ರಲ್ಲಿ ಹಾಟ್ ರಾಡ್‌ಗಳಿಗೆಂದೇ ಒಂದು ಪತ್ರಿಕೆ ಶುರುವಾಯಿತು. ಅದನ್ನು ಕಟ್ಟಿದ ರಾಬರ್ಟ್ ಪೀಟರ್‌ಸನ್ ಹೆಸರಿನ ಮ್ಯೂಸಿಯಂ 1994ರಲ್ಲಿ ಲಾಸ್ ಏಂಜಲೀಸಿನಲ್ಲಿ ತೆರೆಯಿತು. ಅಂದು ಅಗ್ಗದ ಹಳೆಯ ಕಾರಿನಲ್ಲಿ ಮಾಡಿದ ಕೆಲಸವನ್ನು ಇಂದು ಜನ ಟಿಕೆಟ್ ಕೊಂಡು ನೋಡುತ್ತಾರೆ, ಮಕ್ಕಳು ಡಬ್ಬಿಯಲ್ಲಿ ಕೊಂಡು ಅಂಟಿಸುತ್ತಾರೆ. ಅಬ್ಬಾ ನೆಟ್ಟಗೆ ಮಾಡಿದ ಚಾಸಿಗಳು ಲಕ್ಷಗಟ್ಟಲೆ ಮೈಲಿ ಓಡಿ ಗುಜರಿಗೆ ಹೋದವು. ಅವರ ಹೆಸರು ಯಾವುದರ ಮೇಲೂ ಇರಲಿಲ್ಲ. ಕೀಳಾಗಿದ್ದುದು ಕೆಲಸವಲ್ಲ, ಅದಕ್ಕೆ ಓದಿನ ಜೊತೆಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ತಂಗಿಯ ಮಗನಿಗೆ ಎರಡೂ ಸಿಗುವುದಾದರೆ ಅವನು ಅಜ್ಜನ ಕಸುಬಿಗೆ ಇಳಿದ ಎಂದು ಯಾಕೆ ಅನ್ನಬೇಕು?

ಇಷ್ಟನ್ನು ನಾವು ತಂಗಿಗೆ ಹೇಳಿದೆವು. ಅವಳು ಉತ್ತರ ಕೊಡಲಿಲ್ಲ. ಮರುದಿನ ಅಡುಗೆಮನೆಯಿಂದ ಬಂದವಳು ಮೇಜಿನ ಮೇಲಿದ್ದ ಚೌಕಟ್ಟನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ ಪಟ್ಟಿಯ ಗುಂಟ ನೋಡಿದಳು. ಮಗನೂ ನಾವೂ ಸುಮ್ಮನಿದ್ದೆವು. “ಎಡಗಡೆ ಜೋಡಿನ ಹತ್ತಿರ ಇನ್ನೂ ಸ್ವಲ್ಪ ಉಜ್ಜಬೇಕು” ಎಂದು ಹೇಳಿ ಕೆಳಗಿಟ್ಟು ಹೋದಳು.