ಸಾಲ್ವಡಾರ್‌ನಲ್ಲಿ ಅಲಸಂದೆ ವಡೆ ತಿಂದ ಮಂಗಳವಾರ

ಬ್ರೆಜಿಲ್ ಅಂದರೆ ನಮಗೆ ಗೊತ್ತಿದ್ದದ್ದು ಫುಟ್‌ಬಾಲ್, ಅಮೆಜಾನ್ ಕಾಡು, ರಿಯೋದ ಬೆಟ್ಟದ ಮೇಲೆ ಕೈ ಚಾಚಿ ನಿಂತ ಏಸು. ಅಷ್ಟೇ. ಸಾಲ್ವಡಾರ್ ಎಂಬ ಊರಿನ ಹೆಸರನ್ನು ನಾವಿಬ್ಬರೂ ಕೇಳಿರಲಿಲ್ಲ. ಸಮುದಾಯ ಬಾನುಲಿಯ ಒಂದು ಕಾರ್ಯಾಗಾರಕ್ಕೆ ಅಲ್ಲಿಂದ ಕರೆ ಬಂದಾಗ ಮೊದಲು ಮಾಡಿದ ಕೆಲಸ ಫೋನಿನಲ್ಲಿ ಭೂಪಟ ತೆಗೆದದ್ದು. ಬ್ರೆಜಿಲ್‌ನ ಪೂರ್ವ ಕರಾವಳಿ, ಬಹಿಯಾ ರಾಜ್ಯದ ರಾಜಧಾನಿ. ಸಮುದ್ರದ ಆಚೆ ದಡಕ್ಕೆ ಆಫ್ರಿಕಾ.

ನಮ್ಮಲ್ಲೊಬ್ಬಳು ಕುಮಟಾ ಕಡೆಯವಳು, ಇನ್ನೊಬ್ಬ ಹಾವೇರಿ ಜಿಲ್ಲೆಯವನು. ಕಾರ್ಯಾಗಾರದ ವಿಷಯ ಬೇರೆ ದಿನ ಬರೆಯುತ್ತೇವೆ. ಇದು ಮಿಕ್ಕ ಎರಡು ದಿನ ತಿರುಗಿದ, ತಿಂದ, ರಾತ್ರಿ ಕಂಡ ಕತೆ.

ಊರು ಎರಡು ಮಹಡಿಯ ಮನೆ ಇದ್ದಂತಿದೆ. ಕೆಳಗೆ ಬಂದರು, ಮೇಲೆ ಕಡಿದಾದ ಗುಡ್ಡದ ನೆತ್ತಿಯಲ್ಲಿ ಹಳೇ ಪೇಟೆ. ಎರಡಕ್ಕೂ ನಡುವೆ ಒಂದು ಲಿಫ್ಟ್ ಇದೆ, ಲಾಸೆರ್ಡಾ ಅಂತ ಹೆಸರು. 1873ರಲ್ಲಿ ಶುರುವಾದದ್ದು, 72 ಮೀಟರ್ ಎತ್ತರ. ಪ್ರವಾಸಿಗರಿಗೆ ಅದು ನೋಡುವ ಜಾಗ, ಊರಿನವರಿಗೆ ನಮ್ಮ ಸಿಟಿ ಬಸ್ ಇದ್ದಹಾಗೆ. ತರಕಾರಿ ಚೀಲ ಹಿಡಿದ ಹೆಂಗಸರು, ಯೂನಿಫಾರ್ಮಿನ ಮಕ್ಕಳು, ನಡುವೆ ಕ್ಯಾಮೆರಾ ತೂಗುಹಾಕಿಕೊಂಡ ನಾವು. ಅರ್ಧ ನಿಮಿಷದಲ್ಲಿ ಮೇಲೆ. ಬಾಗಿಲು ತೆರೆದರೆ ಹಿಂದೆ ಇಡೀ ಕೊಲ್ಲಿ, ನೀಲಿ ನೀಲಿ. ಕುಮಟಾದವಳು ಮಾತ್ರ "ನಮ್ಮ ಅಘನಾಶಿನಿ ಅಳಿವೆಯೂ ಮೇಲಿಂದ ಹೀಗೇ ಕಾಣ್ತದೆ" ಅಂದು ಮುಂದೆ ನಡೆದಳು.

ಮೇಲಿನ ಪೇಟೆಯ ಹೆಸರು ಪೆಲೊರಿನ್ಯೊ. ಕಲ್ಲು ಹಾಸಿನ ಇಳಿಜಾರು ಬೀದಿಗಳು, ಹಳದಿ, ಗುಲಾಬಿ, ನೀಲಿ ಬಣ್ಣದ ಮನೆಗಳು, ಬೀದಿಗೊಂದು ಚರ್ಚು. ಯುನೆಸ್ಕೋ 1985ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಫೋಟೋ ತೆಗೆದು ತೆಗೆದು ಕೈ ಸೋತಿತು. ಆಮೇಲೆ ಕಾರ್ಯಾಗಾರದ ಗೆಳತಿಯೊಬ್ಬಳು ಆ ಹೆಸರಿನ ಅರ್ಥ ಹೇಳಿದಳು. ಪೆಲೊರಿನ್ಯೊ ಅಂದರೆ ಚಾಟಿಯೇಟಿನ ಕಂಬ. ಗುಲಾಮರನ್ನು ಕಟ್ಟಿ ಎಲ್ಲರೆದುರು ಹೊಡೆಯುತ್ತಿದ್ದ ಕಂಬ. ಪೋರ್ಚುಗೀಸರು 1549ರಲ್ಲಿ ಕಟ್ಟಿದ ಈ ಊರು 1763ರವರೆಗೆ ಬ್ರೆಜಿಲ್‌ನ ರಾಜಧಾನಿ. ಆಫ್ರಿಕಾದಿಂದ ಹಿಡಿದು ತಂದ ಲಕ್ಷಾಂತರ ಜನ ಇಳಿದದ್ದು ಕೆಳಗಿನ ಆ ನೀಲಿ ಕೊಲ್ಲಿಯಲ್ಲಿ. ಗುಲಾಮಗಿರಿಯನ್ನು ಬ್ರೆಜಿಲ್ ರದ್ದು ಮಾಡಿದ್ದು 1888ರಲ್ಲಿ, ಅಮೆರಿಕ ಖಂಡಗಳಲ್ಲೆಲ್ಲ ಕೊನೆಗೆ.

ಆಮೇಲೂ ಫೋಟೋ ತೆಗೆದೆವು. ಸುಳ್ಳು ಯಾಕೆ ಹೇಳೋದು.

ಚಿನ್ನದ ಲೇಪಕ್ಕೆ ಹೆಸರಾದ ದೊಡ್ಡ ಚರ್ಚು ನಾವು ಹೋದಾಗ ಮುಚ್ಚಿತ್ತು. ಬೇಸರವಾಗಲಿಲ್ಲ, ಯಾಕೆಂದರೆ ಅವತ್ತು ಮಂಗಳವಾರ. ಇಳಿಜಾರಿನ ನಡುವೆ ನೀಲಿ ಬಣ್ಣದ ಇನ್ನೊಂದು ಚರ್ಚಿದೆ, ಕರಿಯ ಜನರೇ ಕಟ್ಟಿಕೊಂಡದ್ದು. ಬೇರೆ ಚರ್ಚುಗಳಲ್ಲಿ ಅವರಿಗೆ ಸರಿಯಾದ ಜಾಗ ಇರಲಿಲ್ಲ. ಹಗಲೆಲ್ಲ ಯಜಮಾನರ ಕೆಲಸ, ಉಳಿದ ಹೊತ್ತಿನಲ್ಲಿ ಇದರ ಕಲ್ಲು ಗಾರೆ. ಮುಗಿಸಲು ಹತ್ತಿರ ಹತ್ತಿರ ನೂರು ವರ್ಷ ಹಿಡಿಯಿತಂತೆ. ಮಂಗಳವಾರ ಸಂಜೆ ಅಲ್ಲಿ ಪ್ರಾರ್ಥನೆಗೆ ಚಂಡೆಯಂಥ ವಾದ್ಯ ಬಾರಿಸುತ್ತಾರೆ. ಜನ ಕುಣಿಯುತ್ತಲೇ ರೊಟ್ಟಿಯ ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ಬಂದರು. ಪ್ರಾರ್ಥನೆ ಮುಗಿದ ಮೇಲೆ ರೊಟ್ಟಿ ಹಂಚಿದರು, ನಮಗೂ ಸಿಕ್ಕಿತು. ಭಾಷೆ ಒಂದಕ್ಷರ ತಿಳಿಯದಿದ್ದರೂ ಕಾಲು ಸುಮ್ಮನಿರಲಿಲ್ಲ.

ಹೊರಗೆ ಬಂದರೆ ಬೀದಿಯೇ ಜಾತ್ರೆ. ಈ ಊರಿನ ರಾತ್ರಿ ಅಂದರೆ ಕತ್ತಲ ಕೋಣೆ, ಮಿಣುಕು ದೀಪ ಅಂದುಕೊಂಡಿದ್ದೆವು. ಎಲ್ಲ ಬೀದಿಯಲ್ಲೇ. ಪ್ಲಾಸ್ಟಿಕ್ ಕುರ್ಚಿ, ಒಂದು ದೊಡ್ಡ ಬಾಟಲಿ ಬಿಯರು ತಂದು ನಾಲ್ಕಾರು ಜನ ಸಣ್ಣ ಸಣ್ಣ ಗ್ಲಾಸಿಗೆ ಬಗ್ಗಿಸಿಕೊಳ್ಳುವುದು, ಅಜ್ಜಿ ಮೊಮ್ಮಗಳು ಇಬ್ಬರೂ ಒಂದೇ ತಾಳಕ್ಕೆ ಸೊಂಟ ಕುಣಿಸುವುದು. ಗಲ್ಲಿಯೊಳಗಿಂದ ಡ್ರಮ್ಮಿನ ತಂಡವೊಂದು ನುಗ್ಗಿ ಬಂದಾಗ ಎದೆಯೊಳಗೇ ಯಾರೋ ಬಡಿದ ಹಾಗಾಯಿತು. ಒಲೊಡುಂ ಎಂಬ ಹೆಸರಾಂತ ತಂಡ 1979ರಲ್ಲಿ ಹುಟ್ಟಿದ್ದು ಇಲ್ಲೇ. ಮೈಕಲ್ ಜಾಕ್ಸನ್ 1996ರಲ್ಲಿ ಇಲ್ಲಿಗೆ ಬಂದು ಅವರ ಜೊತೆ ವಿಡಿಯೋ ಮಾಡಿದ್ದ. ಫೋನನ್ನು ಕೈಯಲ್ಲಿ ಹಿಡಿದು ತಿರುಗಬೇಡಿ ಅಂತ ಎಲ್ಲರೂ ಎಚ್ಚರಿಸಿದ್ದರಿಂದ ಅದು ಒಳಜೇಬಿನಲ್ಲಿತ್ತು. ಹಾಗಾಗಿ ಆ ರಾತ್ರಿಯ ವಿಡಿಯೋ ನಮ್ಮ ಬಳಿ ಇಲ್ಲ. ಕೇಳಬೇಡಿ.

ಒಂದು ಆಶ್ಚರ್ಯ ಹೇಳಲೇಬೇಕು. ಇಂಡಿಯಾದವರು ಅಂದ ಕೂಡಲೇ ಒಬ್ಬ ಮುದುಕ ಕೈಹಿಡಿದು ಎಳೆದುಕೊಂಡು ಹೋಗಿ ಒಂದು ಕಟ್ಟಡ ತೋರಿಸಿದ. ಬಾಗಿಲ ಮೇಲೆ ನಮ್ಮ ಗಾಂಧೀಜಿ! ಫಿಲ್ಯೊಸ್ ಡಿ ಗಾಂಧಿ, ಅಂದರೆ ಗಾಂಧಿಯ ಮಕ್ಕಳು. 1949ರಲ್ಲಿ, ಗಾಂಧೀಜಿ ತೀರಿಕೊಂಡ ಮರುವರ್ಷ, ಬಂದರಿನ ಹಮಾಲರು ಕಟ್ಟಿದ ಮೆರವಣಿಗೆ ತಂಡ. ಇವತ್ತಿಗೂ ಕಾರ್ನಿವಲ್‌ನಲ್ಲಿ ಸಾವಿರಾರು ಗಂಡಸರು ಬಿಳಿ ನಿಲುವಂಗಿ, ಬಿಳಿ ಪೇಟ, ನೀಲಿ ಬಿಳಿ ಮಣಿಸರ ಹಾಕಿ ಶಾಂತಿಯ ಹೆಸರಲ್ಲಿ ಹೊರಡುತ್ತಾರೆ. ಗಾಂಧೀಜಿ ಪೇಟ ಸುತ್ತಿದ್ದ ಕಾಲ ಯಾವುದೋ ಹಳೆಯದು, ಆದರೆ ಅದನ್ನು ಆ ಮುದುಕನಿಗೆ ವಿವರಿಸುವಷ್ಟು ಪೋರ್ಚುಗೀಸ್ ನಮ್ಮಲ್ಲಿರಲಿಲ್ಲ.

ಈಗ ಊಟಕ್ಕೆ ಬರೋಣ, ನಮ್ಮ ತಲೆಯಲ್ಲಿ ಉಳಿದಿರುವುದು ಅದೇ.

ಚೌಕದ ಮೂಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಕಸೂತಿಯ ಬಿಳಿ ಲಂಗ, ತಲೆಗೆ ಬಿಳಿ ಬಟ್ಟೆ, ಕೊರಳ ತುಂಬ ಮಣಿಸರ. ಮುಂದೆ ದೊಡ್ಡ ಬಾಣಲೆ, ಅದರಲ್ಲಿ ಕುಂಕುಮದ ಬಣ್ಣದ ಎಣ್ಣೆ. ಅದು ದೆಂದೆ, ಆಫ್ರಿಕಾದ ತಾಳೆಯ ಹಣ್ಣಿನಿಂದ ತೆಗೆದದ್ದು. ಪಾತ್ರೆಯಲ್ಲಿದ್ದ ಬಿಳಿ ಹಿಟ್ಟನ್ನು ಮರದ ಸೌಟಿನಿಂದ ಬಡಿದು ಬಡಿದು ಹಗುರ ಮಾಡಿ, ಉಂಡೆ ಎತ್ತಿ ಎಣ್ಣೆಗೆ ಬಿಡುತ್ತಿದ್ದಳು. ಹಾವೇರಿಯವನು ಮೂಸಿ ನೋಡಿ ಅಂದ: "ಇದು ಅಲಸಂದಿ ಲೇ." ಹೌದು, ಅಲಸಂದೆಯೇ. ನೆನೆಹಾಕಿ, ಸಿಪ್ಪೆ ತೆಗೆದು, ಈರುಳ್ಳಿ ಉಪ್ಪು ಸೇರಿಸಿ ರುಬ್ಬಿದ್ದು. ಹೆಸರು ಅಕರಾಜೆ. ಕರಿದ ವಡೆಯನ್ನು ಸೀಳಿ ಒಳಗೆ ವತಪಾ ತುಂಬುತ್ತಾರೆ, ಅಂದರೆ ಒಣ ಸೀಗಡಿ, ಶೇಂಗಾ, ಗೋಡಂಬಿ, ತೆಂಗಿನ ಹಾಲು ಸೇರಿಸಿ ಕುದಿಸಿದ ಗಟ್ಟಿ ಮುದ್ದೆ. ಅದರ ಮೇಲೆ ಬೆಂಡೆಕಾಯಿಯ ಗೊಜ್ಜು, ಟೊಮೆಟೊ, ಇಡೀ ಇಡೀ ಸೀಗಡಿ.

"ಕೆಂಚಿ?" ಅಂತ ಕೇಳಿದಳು. ಫೋನಿನ ಅನುವಾದ 'ಬಿಸಿ' ಅಂದಿತು. ಬಿಸಿ ವಡೆ ಯಾರಿಗೆ ಬೇಡ? ಹೂಂ ಅಂದೆವು. ಅಲ್ಲಿ ಆ ಮಾತಿಗೆ 'ಖಾರ ಹಾಕಲಾ' ಅಂತ ಅರ್ಥವಂತೆ. ಬ್ಯಾಡಗಿ ಮೆಣಸಿನಕಾಯಿಯ ಜಿಲ್ಲೆಯವನಿಗೆ ಮೂರನೇ ತುತ್ತಿಗೆ ಬಿಕ್ಕಳಿಕೆ. ಬ್ಯಾಡಗಿಯದ್ದು ಬಣ್ಣ ಜಾಸ್ತಿ, ಖಾರ ಕಡಿಮೆ ಅಂತ ಅವನು ಈಗ ಒಪ್ಪಿಕೊಂಡಿದ್ದಾನೆ. ಒಂದಕ್ಕೆ ನಮ್ಮ ಲೆಕ್ಕದಲ್ಲಿ 250 ರೂಪಾಯಿ ಹತ್ತಿರ ಬಿತ್ತು. ಎರಡು ತಿಂದರೆ ರಾತ್ರಿ ಊಟ ಬೇಡ.

ಕುಮಟಾದವಳಿಗೆ ಹುಚ್ಚು ಹಿಡಿದದ್ದು ಗೋಡಂಬಿಯ ವಿಷಯದಲ್ಲಿ. ಗೇರು ಮರದ ತವರು ಇದೇ ಬ್ರೆಜಿಲ್‌ನ ಈಶಾನ್ಯ ಕರಾವಳಿ. ಪೋರ್ಚುಗೀಸರು ಗೋವಾಕ್ಕೆ ತಂದರು, ಅಲ್ಲಿಂದ ನಮ್ಮ ಕರಾವಳಿಗೆ. ಕಾಜು ಎಂಬ ಹೆಸರೂ ಇಲ್ಲಿನ ಮೂಲನಿವಾಸಿಗಳದ್ದೇ. ನಮ್ಮ ಕಡೆಯಿಂದ ಹೋದದ್ದು ಹಲಸು, ಮಾವು. ಹಲಸಿಗೆ ಅವರು 'ಜಾಕಾ' ಅನ್ನುತ್ತಾರೆ, ಮಲಯಾಳಿಗಳ ಚಕ್ಕ! 1868ರಲ್ಲಿ ಹಡಗೊಂದು ಇದೇ ಸಾಲ್ವಡಾರ್ ಬಂದರಿನಲ್ಲಿ ಓಂಗೋಲು ತಳಿಯ ಜೋಡಿ ದನಗಳನ್ನು ಮಾರಿ ಹೋಯಿತು ಅಂತಲೂ ಓದಿದೆವು. ಇವತ್ತು ಬ್ರೆಜಿಲ್‌ನ ಹೊಲಗಳಲ್ಲಿ ಎಲ್ಲಿ ನೋಡಿದರೂ ಆ ಬಿಳಿ ಗೂನಿನ ದನ. ನೆಲ್ಲೂರಿನ ಹೆಸರಲ್ಲೇ 'ನೆಲೋರ್' ಅನ್ನುತ್ತಾರೆ.

ಆದರೆ ನಮ್ಮನ್ನು ನಿದ್ದೆಗೆಡಿಸಿದ್ದು ಆ ಬಾಣಲೆಯ ಹೆಂಗಸು.

ಇವರಿಗೆ ಬಯಾನಾ ಅನ್ನುತ್ತಾರೆ. ಗುಲಾಮಗಿರಿಯ ಕಾಲದಲ್ಲಿ ಇವರ ಮುತ್ತಜ್ಜಿಯರು ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿಯಲ್ಲಿ ಮಾರುತ್ತಿದ್ದರು. ಇಂತಿಷ್ಟು ಹಣ ಯಜಮಾನನಿಗೆ, ಮಿಕ್ಕಿದ್ದು ತಮಗೆ. ಹಾಗೆ ಕೂಡಿಟ್ಟು ಕೆಲವರು ತಮ್ಮ ಬಿಡುಗಡೆಯನ್ನೇ ಕೊಂಡುಕೊಂಡರು. 2005ರಲ್ಲಿ ಸರ್ಕಾರ ಈ ಕಸುಬನ್ನು ದೇಶದ ಪರಂಪರೆ ಅಂತ ದಾಖಲಿಸಿತು. ನವೆಂಬರ್ 25 ಇವರ ದಿನ. ಅಷ್ಟಾದರೂ 2014ರ ಫುಟ್‌ಬಾಲ್ ವಿಶ್ವಕಪ್ ಹತ್ತಿರ ಬಂದಾಗ, ಕ್ರೀಡಾಂಗಣದ ಸುತ್ತ ಪ್ರಾಯೋಜಕರ ಅಂಗಡಿ ಬಿಟ್ಟು ಬೇರೆಯವರು ಮಾರುವಂತಿಲ್ಲ ಎಂಬ ಫಿಫಾ ನಿಯಮ ಇವರ ಮೇಲೂ ಬಂತು. ಬಿಳಿ ಲಂಗದಲ್ಲೇ ಬೀದಿಗಿಳಿದರು, ಸಹಿ ಸಂಗ್ರಹಿಸಿದರು. ಕೊನೆಗೆ ಕೆಲವರಿಗೆ ಅಲ್ಲಿ ಬಾಣಲೆ ಇಡಲು ಜಾಗ ಸಿಕ್ಕಿತು. ಆದರೆ ನಾವು ಕುಣಿದ ಅದೇ ಪೆಲೊರಿನ್ಯೊ ಬೀದಿಯಲ್ಲಿ 1990ರ ದಶಕದಲ್ಲಿ ಮನೆಗಳಿಗೆ ಬಣ್ಣ ಹಚ್ಚುವಾಗ, ಅಲ್ಲಿದ್ದ ಬಡ ಕುಟುಂಬಗಳನ್ನು ಒಂದಿಷ್ಟು ದುಡ್ಡು ಕೊಟ್ಟು ಎಬ್ಬಿಸಿದ್ದರು. ಆ ಗುಲಾಬಿ ಗೋಡೆಗಳ ಹಿಂದೆ ಈಗ ಹೋಟೆಲು, ಅಂಗಡಿ.

ಇದನ್ನೆಲ್ಲ ಗೆಳತಿ ಹೇಳುತ್ತಿರುವಾಗ ಹಾವೇರಿಯವನು ಮಾತಾಡಲಿಲ್ಲ. ಅವನ ಅವ್ವ ಹದಿನಾರು ವರ್ಷ ಬಸ್ ನಿಲ್ದಾಣದ ಹೊರಗೆ ಮಿರ್ಚಿ, ಗಿರ್ಮಿಟ್ ಮಾರಿದವರು. ಅವನ ಕಾಲೇಜು ಫೀಸು ಅದೇ ಬಾಣಲೆಯಿಂದ ಬಂದದ್ದು. ಎರಡು ವರ್ಷದ ಹಿಂದೆ ಊರು ಚೆಂದ ಕಾಣಬೇಕು ಅಂತ ಒಂದು ಬೆಳಿಗ್ಗೆ ತಳ್ಳುಗಾಡಿಗಳನ್ನೆಲ್ಲ ಎತ್ತಿಹಾಕಿದರು. ನಾವಿಬ್ಬರೂ ಪತ್ರಿಕೋದ್ಯಮ ಓದಿದವರು. ಆ ಸುದ್ದಿಯನ್ನು ಎಲ್ಲೂ ಬರೆಯಲಿಲ್ಲ. ಮನೆಯ ವಿಷಯ, ಹೇಗೆ ಬರೆಯೋದು ಅಂದುಕೊಂಡೆವು.

ಮರುದಿನ ಸಂಜೆ ಬಾರ್ರಾ ಕಡಲ ತೀರಕ್ಕೆ ಹೋದೆವು. ಸೂರ್ಯ ಕೊಲ್ಲಿಯ ನೀರಿಗೆ ಇಳಿದಾಗ ಅಲ್ಲಿ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ನಾಟಕ ಮುಗಿದಾಗ ತಟ್ಟಿದ ಹಾಗೆ. ನಾವೂ ತಟ್ಟಿದೆವು. ಕಡ್ಡಿಗೆ ಚುಚ್ಚಿ ಕೆಂಡದಲ್ಲಿ ಸುಟ್ಟ ಚೀಸು ತಿಂದೆವು, ಎಳನೀರು ಕುಡಿದೆವು. ಮೊಕೆಕಾ ಎಂಬ ಮೀನಿನ ಸಾರನ್ನು ಮಣ್ಣಿನ ಮಡಕೆಯಲ್ಲೇ ತಂದಿಟ್ಟರು, ತೆಂಗಿನ ಹಾಲು, ಅದೇ ಕೆಂಪೆಣ್ಣೆ. ಕುಮಟಾದವಳ ತೀರ್ಪು: ಅಮ್ಮನ ಸಾರಿಗೆ ಎರಡನೇ ನಂಬರು.

ಅಲ್ಲಿಗೂ ನಮ್ಮೂರಿಗೂ ಎಂಟೂವರೆ ತಾಸಿನ ಅಂತರ. ರಾತ್ರಿ ಒಂಬತ್ತೂವರೆಗೆ, ಊರಲ್ಲಿ ಬೆಳಗಿನ ಆರಕ್ಕೆ, ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದೆವು, ಹೋಟೆಲಿನ ಕೋಣೆಯಿಂದ. ಹಗಲಲ್ಲಿ ತೆಗೆದಿದ್ದ ಬಯಾನಾಳ ಫೋಟೋ ಕಳಿಸಿದ್ದೆವು. ಅವ್ವ ಬಹಳ ಹೊತ್ತು ನೋಡಿದರು. ಬಿಳಿ ಲಂಗದ ಬಗ್ಗೆ ಏನೂ ಅನ್ನಲಿಲ್ಲ, ಪರಂಪರೆಯ ಕತೆ ಹೇಳಿದಾಗ ಹೂಂ ಅಂದರು ಅಷ್ಟೇ.

"ಆಕಿ ಎಣ್ಣಿ ದಿನಾ ಬದಲಿ ಮಾಡ್ತಾಳೇನು?" ಅಂತ ಕೇಳಿದರು. ಆಮೇಲೆ, "ಕುಂಡ್ರೋ ಜಾಗದ ಚೀಟಿ ಯಾರ ಹೆಸರಿಲೆ ಐತಿ? ಆಕಿ ಸತ್ತರ ಮಗಳಿಗೆ ಬರ್ತೈತೇನು?"

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎರಡನ್ನೂ ಕೇಳಿರಲಿಲ್ಲ.